ಪೆಡಲಿನ ಮೇಲೆ ಒರಗಿದ ಬೂಟು

ಘಾಟಿ ಹತ್ತಿ ನಿಂತ ಕಾರಿನಿಂದ ಸುಟ್ಟ ವಾಸನೆ ಬಂತು. ಯಜಮಾನ ನಾಣಯ್ಯನವರ ಎಡಗಾಲಿನ ಬೂಟು ಎಲ್ಲರಿಗಿಂತ ಮೊದಲು ಮೂಗು ಮುರಿಯಿತು. "ಇದೇನು ಅಸಹ್ಯ? ಯಾರದು?"

"ನಾನೇ ಸ್ವಾಮಿ," ಎಂದಿತು ಕರಕಲಾದ ಕ್ಲಚ್ ಪ್ಲೇಟು. "ದಾರಿಯುದ್ದಕ್ಕೂ ತಾವು ಪೆಡಲಿನ ಮೇಲಿದ್ದಿರಿ. ಎಂಜಿನ್ನನ್ನು ಪೂರ್ತಿ ಹಿಡಿಯಲೂ ಆಗದೆ ಬಿಡಲೂ ಆಗದೆ ಉಜ್ಜಿ ಉಜ್ಜಿ ಸುಟ್ಟುಹೋದೆ."

"ನಾನು ತುಳಿಯಲೇ ಇಲ್ಲ. ಸುಮ್ಮನೆ ಒರಗಿದ್ದೆ," ಎಂದ ಬೂಟಿಗೆ ನಿಜಕ್ಕೂ ನೋವಾಗಿತ್ತು.

ಮೆಕ್ಯಾನಿಕ್ ಜುಬೇದಾ ಹೊಸ ಪ್ಲೇಟು ಹಾಕಿ, "ಗೇರ್ ಬದಲಿಸುವಾಗ ಮಾತ್ರ ಕ್ಲಚ್ ಮೇಲೆ ಕಾಲಿಡಿ ಸಾರ್," ಎಂದಳು.

ಮರುದಿನ ಬೂಟು ಅಭ್ಯಾಸದಂತೆ ಮತ್ತೆ ಪೆಡಲಿಗೆ ಏರಿತು. ಹೊಸ ಪ್ಲೇಟು, "ಕೆಲಸವಿದ್ದರೆ ಬನ್ನಿ ಸ್ವಾಮಿ, ಇಲ್ಲದಿದ್ದರೆ ಕೆಳಗೆ ಮ್ಯಾಟಿದೆ," ಎಂದಿತು.

ಬೂಟು ಅವಮಾನ ನುಂಗಿ ಕೆಳಗಿಳಿಯಿತು. ಆ ದಿನ ವಾಸನೆ ಬರಲಿಲ್ಲ. ಅದು ತನ್ನ ತ್ಯಾಗದ ಫಲವೆಂದು ಬಲಗಾಲಿನ ಬೂಟಿಗೆ ಹೇಳಿಕೊಂಡಿತು.