ಸೀಲಪ್ಪನಿಗೆ ಸಿಕ್ಕ ವರ

ಸಣ್ಣ ಹಣತೆಗೂ ದೊಡ್ಡ ದೀಪಕ್ಕೂ ಒಂದೇ ಬೆಂಕಿಯನ್ನು ಕೊಟ್ಟ ಕರ್ತನಿಗೆ ಮೊದಲು ಸ್ತೋತ್ರ. ಹೇಳುವ ನಾಲಿಗೆಗೂ ಕೇಳುವ ಕಿವಿಗೂ ಆತನೇ ಕಾವಲಿರಲಿ.

ಮಗ್ಗೇರಿ ಎಂಬ ಊರಲ್ಲಿ ಒಂದು ಸಣ್ಣ ಕ್ರೈಸ್ತ ಸಭೆ. ಆ ಸಭೆಯಲ್ಲಿ ರೂತವ್ವ ಎಂಬ ವಿಧವೆ. ರೂತವ್ವನಿಗೆ ಒಬ್ಬನೇ ಮಗ, ಸೀಲಪ್ಪ. ವಯಸ್ಸು ಮೂವತ್ತು. ಮೈ ಎತ್ತಿನದು, ಬುದ್ಧಿ ಕರುವಿನದು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆಯಿಲ್ಲ.

ಒಂದು ಭಾನುವಾರ ಪಾದ್ರಿ ಅಯ್ಯನವರು ಪ್ರಸಂಗದಲ್ಲಿ ಹೇಳಿದರು: "ಪವಿತ್ರಾತ್ಮನು ಒಬ್ಬೊಬ್ಬರಿಗೂ ಒಂದೊಂದು ವರ ಕೊಟ್ಟಾನ. ಹುಡುಕಿಕೊಳ್ರಿ. ಸುಗ್ಗಿ ಹಬ್ಬದ ದಿನ ಎಲ್ಲಾರೂ ತಮ್ಮ ತಮ್ಮ ವರ ಹೇಳ್ರಿ. ಸೇವಾ ಪುಸ್ತಕದಾಗ ಹೆಸರು ಬರೀತೀನಿ."

ಸಭೆಯ ಹಿರಿಯ ಎಜ್ರಪ್ಪ ಹಿಂದೆ ತಿರುಗಿ ಸೀಲಪ್ಪನನ್ನು ನೋಡಿದ. ನೋಡಿ ಮೂಗು ಮುರಿದ. ರೂತವ್ವ ಅದನ್ನು ಕಂಡಳು.

ಮನೆಗೆ ಬಂದು ಮೊಣಕಾಲೂರಿದಳು. "ಕರ್ತನೇ, ನನ್ನ ಎದಿನೋವು ನಿನಗ ಗೊತ್ತೈತಿ. ನಾ ಹೋದ ಮ್ಯಾಲ ಇವನಿಗೆ ಈ ಸಭೆನ ಮನಿ. ಪುಸ್ತಕದಾಗ ಇವನ ಹೆಸರು ಬರದಿದ್ರ ಇವನ್ನ ಯಾರು ಕರೀತಾರ? ಯಾರು ರೊಟ್ಟಿ ಹಾಕ್ತಾರ?"

ಎದ್ದು ಕಣ್ಣೊರೆಸಿಕೊಂಡು ಹೇಳಿದಳು: "ಸೀಲಾ, ಅತಿಥಿ ಸತ್ಕಾರಾನೂ ಒಂದು ವರ. ಬರೋ ಭಾನುವಾರ ಚರ್ಚಿನ ಬಾಗಿಲದಾಗ ನಿಲ್ಲು. ಬಂದವರನ್ನ ಪ್ರೀತಿಲೆ ಕರಕೊಂಡು ಹೋಗಿ ಎಲ್ಲಾರಿಗಿಂತ ಮುಂದ ಬಿಡು."

"ಹೂಂ ಯವ್ವಾ, ಹಂಗ ಮಾಡ್ತೀನಿ."

ನಿಂತ. ಮೊದಲು ಬಂದದ್ದು ಎಜ್ರಪ್ಪನ ಎಮ್ಮೆ! ಸೀಲಪ್ಪ ಅದರ ಕೊಂಬು ಹಿಡಿದು, "ಬಾರವ್ವ, ಬಾ" ಎಂದು ಪ್ರೀತಿಯಿಂದ ಕರೆದುಕೊಂಡು ಹೋಗಿ ಪೀಠದ ಮುಂದೆ ಬಿಟ್ಟ. ಎಮ್ಮೆ ಅಲ್ಲಿ ಏನು ಮಾಡಿತೆಂದು ನಾನು ಹೇಳಲಾರೆ. ಪವಿತ್ರ ಸ್ಥಳ.

"ಏ ಪೆದ್ದಾ!" ಎಂದು ರೂತವ್ವ ಹಣೆ ಹಣೆ ಬಡಿದುಕೊಂಡಳು. "ಬಂದದ್ದನ್ನೆಲ್ಲಾ ಒಳಗ ಬಿಡ್ತಾರೇನೋ! ಗುರುತಿಲ್ಲದ್ದು ಬಂದ್ರ ಕೋಲು ಎತ್ತಬೇಕು, ಹೋಯ್ ಹೋಯ್ ಅಂತ ಓಡಿಸಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಸುಗ್ಗಿ ಹಬ್ಬಕ್ಕೆ ಇನ್ನು ಮೂರು ವಾರ. ಮುಂದಿನ ಭಾನುವಾರ ಜಿಲ್ಲೆಯ ದೊಡ್ಡಯ್ಯನವರು ಉದ್ದ ಬಿಳಿ ಅಂಗಿ ತೊಟ್ಟು ಜೀಪಿನಿಂದ ಇಳಿದರು. ಸೀಲಪ್ಪ ನೋಡಿದ. ಗುರುತಿಲ್ಲ. ಕೋಲು ಎತ್ತಿದ. "ಹೋಯ್! ಹೋಯ್!"

ದೊಡ್ಡಯ್ಯನವರು ಅಂಗಿ ಎತ್ತಿ ಹಿಡಿದು ಓಡಿದರು. ಅವರ ಹಿಂದೆ ಸೀಲಪ್ಪ. ಸೀಲಪ್ಪನ ಹಿಂದೆ ಇಡೀ ಸಭೆ.

"ಅಯ್ಯೋ ನನ್ನ ಹಣೆಬರಹವೇ! ಅಂಥಾವರು ಬಂದ್ರ ಗಂಟಿ ಬಾರಿಸಬೇಕು, ಹಾರ ಹಾಕಬೇಕು. 'ನಿಮ್ಮ ದಾರೀನ ನೋಡಾಕತ್ತಿದ್ವಿ, ಯಾಕ ಇಷ್ಟು ತಡಾ ಮಾಡಿದ್ರಿ' ಅಂತ ನಕ್ಕೋತ ಕೇಳಬೇಕು!"

"ಹೂಂ ಯವ್ವಾ, ಹಂಗ ಮಾಡ್ತೀನಿ."

ಇನ್ನು ಎರಡು ವಾರ. ತೊಂಬತ್ತು ದಾಟಿದ ದೊರ್ಕವ್ವಜ್ಜಿ ಕರ್ತನ ಬಳಿಗೆ ಹೋದಳು. ಪೆಟ್ಟಿಗೆ ಹೊತ್ತುಕೊಂಡು ಎಲ್ಲರೂ ಅಳುತ್ತ ದೇವಾಲಯಕ್ಕೆ ಬಂದರು. ಸೀಲಪ್ಪ ಢಣಢಣ ಗಂಟೆ ಬಾರಿಸಿದ! ಓಡಿ ಬಂದು ಪೆಟ್ಟಿಗೆಗೆ ಹಾರ ಹಾಕಿದ! ಬಾಯಿ ತುಂಬ ನಕ್ಕ!

"ಬಾರಬೇ ಅಜ್ಜಿ! ನಿನ್ನ ದಾರೀನ ನೋಡಾಕತ್ತಿದ್ವಿ! ಯಾಕ ಇಷ್ಟು ತಡಾ ಮಾಡಿದಿ?"

ಅಜ್ಜಿಯ ಸೊಸೆ ಸೆರಗು ಬಾಯಿಗೆ ತುರುಕಿಕೊಂಡಳು. ಅತ್ತಳೋ ನಕ್ಕಳೋ ದೇವರೇ ಬಲ್ಲ. ಎಜ್ರಪ್ಪ ಮಾತ್ರ ಕೆಂಡವಾದ.

"ರೂತವ್ವಾ, ನಿನ್ನ ಮಗಗ ಇರೋ ವರ ಒಂದೇ, ಮಾನ ತೆಗಿಯೋದು! ಇವನ ಹೆಸರು ಪುಸ್ತಕದಾಗ ಬರಿಯಾಕ ನಾ ಬಿಡೂದಿಲ್ಲ. ನೀ ಇರೋತನಕ ನೀ ಸಂಭಾಳಿಸು. ಆಮ್ಯಾಲಿಂದು ನಮಗ ಬ್ಯಾಡ."

ರೂತವ್ವ ಅಂದು ಬೈಯಲೂ ಇಲ್ಲ. ಮೆಲ್ಲಗೆ ಹೇಳಿದಳು: "ಸೀಲಾ, ದುಃಖ ಇದ್ದಲ್ಲಿ ಬಾಯಿ ತೆಗಿಬ್ಯಾಡ. ಮಗ್ಗಲದಾಗ ಕೂಡು. ಅವರ ಕೈ ಹಿಡಕೋ. ನಾ ಏಳು ಅನ್ನೋತನಕ ಏಳಬ್ಯಾಡ."

"ಹೂಂ ಯವ್ವಾ, ಹಂಗ ಮಾಡ್ತೀನಿ."

ಸುಗ್ಗಿ ಹಬ್ಬಕ್ಕೆ ಇನ್ನು ಐದು ದಿನ ಇರುವಾಗ ಎಜ್ರಪ್ಪನೇ ಚಳಿಜ್ವರದಲ್ಲಿ ಬಿದ್ದ. ಹೆಂಡತಿ ಸತ್ತು ನಾಲ್ಕು ವರ್ಷ, ಮಕ್ಕಳಿಲ್ಲ. ಜನ ಬಂದರು, ಪ್ರಾರ್ಥನೆ ಮಾಡಿದರು, ಕಷಾಯ ಹೇಳಿದರು, ಹೋದರು. ರೂತವ್ವ ಗಂಜಿ ಕಾಯಿಸಿದಳು. ತಾನು ಹೋಗಲು ಹೆದರಿ ಮಗನನ್ನು ಕಳಿಸಿದಳು.

ಸೀಲಪ್ಪ ಗಂಜಿ ಇಟ್ಟ. ನೋಡಿದ. ದುಃಖ ಇತ್ತು. ಮಂಚದ ಮೇಲೆ ಕೂತ. ಕೈ ಹಿಡಿದುಕೊಂಡ.

"ಏ, ಕೈ ಬಿಡೋ ಮಂಗ್ಯಾ!"

ಮಾತಿಲ್ಲ.

"ಏಳ್ತೀಯೋ, ಒದೀಲೋ?"

ಏಳಲಿಲ್ಲ. ಬೈದು ಬೈದು ಎಜ್ರಪ್ಪನಿಗೆ ಸುಸ್ತಾಯಿತು. ಸುಸ್ತಾಗಿ ನಿದ್ದೆ ಬಂತು. ಮರುದಿನ ಮಗನನ್ನು ಹುಡುಕುತ್ತ ರೂತವ್ವ ಬಂದಳು. ಎಜ್ರಪ್ಪ ಕೂಸಿನಂತೆ ಮಲಗಿದ್ದ. ಸೀಲಪ್ಪನ ಕೈಯನ್ನು ಈಗ ಎಜ್ರಪ್ಪನೇ ಬಿಗಿಯಾಗಿ ಹಿಡಿದಿದ್ದ. ಅವಳ ಬಾಯಿಗೆ 'ಏಳು' ಎಂಬ ಮಾತು ಬರಲಿಲ್ಲ. ಅಂದಿನಿಂದ ದಿನಾ ಇಬ್ಬರಿಗೂ ಸೇರಿಸಿ ಗಂಜಿ ತಂದಿಟ್ಟು, ಸದ್ದಿಲ್ಲದೆ ಹೋಗುತ್ತಿದ್ದಳು.

ಸುಗ್ಗಿ ಹಬ್ಬ ಬಂತು. ದೇವಾಲಯದಲ್ಲಿ ಕುಂಬಳಕಾಯಿ, ಜೋಳದ ತೆನೆ, ಕಾಲು ಕಟ್ಟಿದ ಕೋಳಿಗಳ ರಾಶಿ. ಹಾಡುವ ವರ ಎಂದಳು ಒಬ್ಬಳು. ಕಲಿಸುವ ವರ ಎಂದ ಒಬ್ಬ. ಅಯ್ಯನವರು ಬರೆದರು. ಪುಟ ಮುಗಿಯುತ್ತ ಬಂತು. ಕೊನೆಯ ಬೆಂಚಿನಲ್ಲಿ ರೂತವ್ವ ಕತ್ತು ಚಾಚಿ ಉಳಿದ ಸಾಲುಗಳನ್ನು ಎಣಿಸುತ್ತಿದ್ದಳು.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲ. ಎಜ್ರಪ್ಪ ಹೇಳಿ ಕರೆಸಿದ್ದ ಊರಿನ ನಾಲ್ಕು ಜನ ನೇಕಾರರು ಮಂಚ ಹೊತ್ತು ಬಂದರು. ಮಂಚದ ಮೇಲೆ ಎಜ್ರಪ್ಪ ಮಲಗಿದ್ದ. ಎಜ್ರಪ್ಪನ ಮಗ್ಗುಲಲ್ಲಿ ಸೀಲಪ್ಪ, ಎತ್ತಿನ ಮೈಯ ಸೀಲಪ್ಪ, ಗಟ್ಟಿಯಾಗಿ ಕೂತಿದ್ದ!

"ಅಯ್ಯಾರ, ಇಂವ ಇಳಿಯಾಕ ಒಲ್ಲ! ಹೆಗಲು ಮುರದುವು!"

ಮಂಚ ಇಳಿಸಿದರು. ಅಯ್ಯನವರು ಕೇಳಿದರು: "ಸೀಲಪ್ಪ, ನಿನ್ನ ವರ ಯಾವುದಪ್ಪ?"

ಬಾಯಿ ತೆಗೆಯಬಾರದಲ್ಲ! ಸೀಲಪ್ಪ ಸುಮ್ಮನೆ ಕೂತ. ರೂತವ್ವ ಕಣ್ಣು ಮುಚ್ಚಿದಳು.

"ನಾ ಹೇಳ್ತೀನ್ರೀ," ಎಂದ ಎಜ್ರಪ್ಪ. "ಎಲ್ಲಾರೂ ಬಂದ್ರಿ, ಹೋದ್ರಿ. ಇಂವ ಕೂತ. ನನ್ನಾಕಿ ಹೋದಾಗಿಂದ ಈ ಕೈ ಯಾರೂ ಮುಟ್ಟಿದ್ದಿಲ್ರೀ. ಬರೀರಿ ಅಯ್ಯಾರ. ಕೂಡೋದು ಇವನ ವರ. ರೂತವ್ವಾ, ಕೇಳವ್ವಾ, ನನ್ನ ಮನಿ ರೊಟ್ಟಿ ಇವತ್ತಿನಿಂದ ಇವಂದು."

ಅಯ್ಯನವರು ಬರೆದರು. ರೂತವ್ವ ಅತ್ತಳು. ಆಶೀರ್ವಾದವಾಯಿತು. ನೇಕಾರರು ಮಂಚವನ್ನು ಮತ್ತೆ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟಿದ್ದರು. ರೂತವ್ವ ಸಂತೋಷ ತಡೆಯಲಾರದೆ ಕೂಗಿದಳು:

"ಸಾಕೋ ನನ್ನಪ್ಪಾ, ಇನ್ನ ಏಳು!"

ಅವ್ವ ಏಳು ಎಂದಳು. ಸೀಲಪ್ಪ ಎದ್ದ. ಹೆಗಲ ಮೇಲಿನ ಮಂಚದ ಮೇಲೇ ಎದ್ದು ನಿಂತ!

ಮಂಚ ಮಗುಚಿತು. ಕುಂಬಳಕಾಯಿ ಉರುಳಿದವು, ಕೋಳಿಗಳು ಕಿರುಚಿದವು. ತೆನೆಯ ರಾಶಿಯಿಂದ ಎಜ್ರಪ್ಪನ ತಲೆ ಹೊರಬಂತು. ನಾಲ್ಕು ವರ್ಷದಲ್ಲಿ ನಗದವನು ಹೊಟ್ಟೆ ಹಿಡಿದು ನಗುತ್ತಿದ್ದ, ಒಂದೇ ಕೈಯಿಂದ. ಇನ್ನೊಂದು ಕೈ ಇನ್ನೂ ಸೀಲಪ್ಪನ ಕೈಯಲ್ಲಿತ್ತು.

ಅವ್ವ ಏಳು ಎಂದಿದ್ದಳು. ಕೈ ಬಿಡು ಎಂದಿರಲಿಲ್ಲ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ಮಗ್ಗುಲಲ್ಲೂ ನಿಮ್ಮ ಕಷ್ಟದ ದಿನ ಒಬ್ಬರು ಬಂದು ಕೂರಲಿ. ಕರ್ತನ ಸಮಾಧಾನ ನಿಮ್ಮ ಮನೆಯಲ್ಲಿರಲಿ. ಆಮೆನ್.