ಸ್ವಾರಸ್ಯ ಬಿಡದ ಗೊರವಂಕ

ಕಾಡಿನಂಚಿನಲ್ಲಿ ಒಂದು ಕೆರೆ. ದಡದ ನೇರಳೆ ಮರದಲ್ಲಿ ಸಿಂಗಾರಿ ಎಂಬ ಗೊರವಂಕ ಇದ್ದಳು. ಕೆಳಗೆ ನೀರಿನಲ್ಲಿ ಬಾತುಕೋಳಿ ಬಾತಕ್ಕ, ಪಕ್ಕದ ಕಲ್ಲಿನ ಮೇಲೆ ಕಪ್ಪೆರಾಯ. ನಮ್ಮ ಕತೆಗೆ ಇಷ್ಟು ಜನ ಸಾಕು, ಮಕ್ಕಳೇ.

ಸಿಂಗಾರಿ ಕತೆ ಹೇಳುವುದರಲ್ಲಿ ಗಟ್ಟಿಗಿತ್ತಿ. ಸ್ಥಳ, ಕಾಲ, ಪಾತ್ರ ಎಲ್ಲವನ್ನೂ ಕಣ್ಣಿಗೆ ಕಟ್ಟುವಂತೆ ಬಣ್ಣಿಸುತ್ತಿದ್ದಳು. ಮುಖ್ಯ ವಿಷಯವನ್ನು ಮಾತ್ರ ಕಟ್ಟಕಡೆಗೆ ಇಟ್ಟುಕೊಳ್ಳುತ್ತಿದ್ದಳು. ಆ ಕೆರೆಯಲ್ಲೊಂದು ಪದ್ಧತಿಯೂ ಇತ್ತು. ಕತೆ ನಡೆಯುವಾಗ ಕೇಳುವವರು "ಹ್ಞೂಂ" ಅನ್ನುತ್ತಿರಬೇಕು, ನಡುವೆ ಎದ್ದು ಹೋಗಬಾರದು.

ಕಷ್ಟವೇನೆಂದರೆ, ಸಿಂಗಾರಿಗೆ ಕತೆಯೂ ಒಂದೇ, ಸುದ್ದಿಯೂ ಒಂದೇ. ಮಳೆ ಬಂತು ಅನ್ನುವುದಕ್ಕೂ ಅವಳು ಪೀಠಿಕೆ ಹಾಕುವಳು. ಅಷ್ಟರಲ್ಲಿ ಕೇಳುವವರು ನೆಂದು ತೊಪ್ಪೆಯಾಗಿರುತ್ತಿದ್ದರು.

ಒಂದು ಬೆಳಿಗ್ಗೆ ಬಾತಕ್ಕ ಕಾವು ಬಿಟ್ಟೆದ್ದು, ಹೊಟ್ಟೆಗೆ ನಾಲ್ಕು ಹುಳ ಹುಡುಕಲು ನೀರಿಗಿಳಿದಿದ್ದಳು. ಅವಳ ಮೊಟ್ಟೆಗಳು ಆಚೆ ದಡದ ಜೊಂಡುಹುಲ್ಲಿನೊಳಗೆ ಇದ್ದವು, ಇನ್ನೇನು ಮರಿಯಾಗುವುದರಲ್ಲಿದ್ದವು. ಸಿಂಗಾರಿ ಮರದ ಮೇಲಿಂದ ನೋಡುತ್ತಾಳೆ, ಒಂದು ಉಡ ಆ ಜೊಂಡಿನ ಕಡೆಗೇ ತೆವಳುತ್ತಿದೆ! ತಕ್ಷಣ ಹಾರಿ ಬಂದಳು.

"ಬಾತಕ್ಕ, ನಿನಗೊಂದು ವಿಷಯ ಹೇಳಬೇಕು."

"ಬೇಗ ಹೇಳೇ ತಾಯಿ, ಮೊಟ್ಟೆ ತಣ್ಣಗಾಗುತ್ತೆ."

"ಎಳೆಬಿಸಿಲಿನ ಹೊತ್ತು. ಒಂದೆಲೆಯೂ ಅಲ್ಲಾಡುತ್ತಿಲ್ಲ..."

"ಹ್ಞೂಂ."

"ಆಗ ಅಲ್ಲಿಗೊಬ್ಬ ಬಂದ. ಮೈಯೆಲ್ಲ ಒಣಗಿದ ಹಾಗಲಕಾಯಿಯ ಹಾಗೆ!"

"ಆಹಾ, ಎಂಥ ಉಪಮೆ!" ಎಂದು ಕಪ್ಪೆರಾಯ ತಲೆದೂಗಿದ. ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೇಳಿದರೆ ಅದು ಉಪಮೆ, ಮಕ್ಕಳೇ. ಕಪ್ಪೆರಾಯನಿಗೆ ಅಂಥದ್ದು ಸಿಕ್ಕರೆ ಊಟವೇ ಬೇಡ.

"ಅವನೆದುರಿಗೆ ಒಂದು ಗೂಡು. ಹೊರಬರಲು ತವಕಿಸುತ್ತಿರುವ ಪುಟ್ಟ ಜೀವಗಳು. ತಾಯಿ ಮನೆಯಲ್ಲಿಲ್ಲ..."

"ಅಯ್ಯೋ ಪಾಪ! ಯಾರ ಗೂಡೇ ಅದು?" ಬಾತಕ್ಕನ ಕಣ್ಣಲ್ಲಿ ನೀರು ಬಂತು.

"ಅದನ್ನು ಈಗಲೇ ಹೇಳಿಬಿಟ್ಟರೆ ಸ್ವಾರಸ್ಯ ಏನು ಉಳಿಯುತ್ತೆ? ಸುಮ್ಮನೆ ಕೇಳು."

ಬಾತಕ್ಕ ಸುಮ್ಮನೆ ಕೇಳಿದಳು. ಸಿಂಗಾರಿ ಆ ದುಷ್ಟನ ಹೆಜ್ಜೆಯನ್ನು ಬಣ್ಣಿಸಿದಳು, ಅವನ ಹಸಿವನ್ನು ಬಣ್ಣಿಸಿದಳು, ಏನೂ ಅರಿಯದ ತಾಯಿಯನ್ನಂತೂ ಮನ ಕರಗುವಂತೆ ಬಣ್ಣಿಸಿದಳು. ಕೊನೆಗೆ ದನಿ ತಗ್ಗಿಸಿ ಹೇಳಿದಳು: "ಬಂದವನು ಉಡ. ಆ ಗೂಡು ನಿನ್ನದೇ, ಬಾತಕ್ಕ!"

"ಭಲೇ! ನಾನಿದನ್ನು ಊಹಿಸಿಯೇ ಇರಲಿಲ್ಲ," ಎಂದ ಕಪ್ಪೆರಾಯ.

ಬಾತಕ್ಕ ಚೀರುತ್ತ ಆಚೆ ದಡಕ್ಕೆ ಹಾರಿದಳು. ಗೂಡಿನಲ್ಲಿ ಒಡೆದ ಚಿಪ್ಪಿನ ಚೂರುಗಳಷ್ಟೇ ಇದ್ದವು. ಉಡ ಹೊಟ್ಟೆ ತುಂಬಿಸಿಕೊಂಡು ಹೊರಟುಹೋಗಿತ್ತು.

ಹಿಂದೆಯೇ ಬಂದ ಸಿಂಗಾರಿ ಗಾಬರಿಯಿಂದ, "ನಾನು ಹೇಳಿದೆನಲ್ಲ ಬಾತಕ್ಕ?" ಅಂದಳು.

"ಹೇಳಿದೆ ಕಣೇ, ತುಂಬ ಚೆನ್ನಾಗಿ ಹೇಳಿದೆ," ಎಂದಳು ಬಾತಕ್ಕ. "ನನ್ನ ಮಕ್ಕಳು ಸಾಯುವುದನ್ನು ನಾನು ಕೂತು ಕೇಳಿದೆ."

ನೀತಿ: ಮುಖ್ಯ ಮಾತನ್ನು ಕೊನೆಗಿಡುವುದು ಕತೆಯಲ್ಲಿ ಜಾಣತನ, ಆಪತ್ತಿನಲ್ಲಿ ಅದನ್ನೇ ಮೊದಲು ಹೇಳಬೇಕು.