ಹೆಸರು ಅಳಿಸಿದ ಕೊಪ್ಪರಿಗೆ

"ಅಜ್ಜಾರ, ಕಾಲೇಜಿಗೆ ಹೊಸಾ ಲ್ಯಾಪ್‌ಟಾಪ್ ತಗೊಳ್ಳೋದು ಛಲೋನೋ, ರಿಪೇರಿ ಮಾಡಿಸಿದ ಹಳೇದು ಛಲೋನೋ?"

ಕೇಳಿದವನು ಕಲ್ಮೇಶ. ಮಠದ ಉಚಿತ ಪ್ರಸಾದ ನಿಲಯದಲ್ಲಿ ಚಿಕ್ಕಂದಿನಿಂದ ಬೆಳೆದ ಹುಡುಗ. ಇನ್ನು ಕೆಲವೇ ದಿನಗಳಲ್ಲಿ ಇಂಜಿನಿಯರಿಂಗ್ ಕಾಲೇಜಿಗೆ ಹೊರಡುವವನಿದ್ದ. ಮಧ್ಯಾಹ್ನದ ಊಟ ಮುಗಿಸಿ, ತನ್ನ ತಾಟು ತೊಳೆದು, ಅಂಚಿನಲ್ಲಿ ಕೊರೆದ ಅಕ್ಷರಗಳನ್ನು ಇನ್ನೊಮ್ಮೆ ಉಜ್ಜಿ, ಗೂಡಿನಲ್ಲಿ ಅದರ ಜಾಗದಲ್ಲಿಟ್ಟು ಬಂದಿದ್ದ. ಮಠದ ಸ್ವಾಮಿಗಳನ್ನು ಹುಡುಗರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಕಟ್ಟೆಯ ಮೇಲೆ ಕುಳಿತು, ಮೊರ ಮುಂದಿಟ್ಟುಕೊಂಡು ರಾತ್ರಿಯ ಸಾರಿಗೆ ತೊಗರಿಕಾಯಿ ಸುಲಿಯುತ್ತಿದ್ದರು.

"ಹಳೇದು ಯಾರದು?"

"ಅಡಿವೆಪ್ಪ ಸರ್ ಅವರದ್ರಿ."

ಅಡಿವೆಪ್ಪನೂ ಇದೇ ನಿಲಯದಲ್ಲಿ ಉಂಡು ಬೆಳೆದವನು. ಈಗ ಬೇರೆ ಊರಿನಲ್ಲಿ ಹೈಸ್ಕೂಲು ಮಾಸ್ತರ. ತನ್ನ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ ಹಾಕಿಸಿ, ಒಳಗಿನ ಸವೆದ ಭಾಗಗಳನ್ನು ಬದಲಾಯಿಸಿ, ಈ ವರ್ಷ ಕಾಲೇಜಿಗೆ ಹೋಗುವ ಹುಡುಗನಿಗೆ ಕೊಡಿ ಎಂದು ಮಠಕ್ಕೆ ಕಳಿಸಿದ್ದ. ಕಲ್ಮೇಶ ಅದನ್ನು ಹಚ್ಚಿ ನೋಡಿದ್ದ. ಎಲ್ಲ ಸರಿಯಾಗಿತ್ತು. ಒಂದೇ ತೊಡಕು. ತಾನು ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ಅದಲುಬದಲಾಗದಿರಲಿ ಎಂದು ಅಡಿವೆಪ್ಪ ಅದರ ಮುಚ್ಚಳದ ಮೇಲೆ ತನ್ನ ಹೆಸರನ್ನು ದೊಡ್ಡದಾಗಿ ಕೊರೆಸಿಬಿಟ್ಟಿದ್ದ.

"ಹೊಸಾದಕ್ಕ ರೊಕ್ಕ ಎಲ್ಲೈತಿ?" ಅಜ್ಜಾರು ಕೇಳಿದರು.

"ಸ್ಕಾಲರ್‌ಶಿಪ್ ಬಂದೈತ್ರಿ. ಅದು ಕಾಲೇಜಿನ ಮೆಸ್ಸಿಗೆ ಅಂತ ಇಟ್ಟದ್ದು. ಒಂದು ಹೊತ್ತು ಉಂಡರಾತು ಬಿಡ್ರಿ."

"ಹೊಟ್ಟಿ ಕಟ್ಟೂವಷ್ಟು ಹಟ ಯಾಕೋ?"

ಕಲ್ಮೇಶ ನೆಲ ನೋಡುತ್ತ ಹೇಳಿದ. "ಮಠ ನನಗ ಎಲ್ಲಾ ಕೊಟ್ಟೈತ್ರಿ, ಅದನ್ನ ಸಾಯೂ ತನಕ ಮರಿಯಂಗಿಲ್ಲ. ಆದ್ರ ಅಂಗಿ ಇನ್ನೊಬ್ಬರದು, ಪುಸ್ತಕ ಇನ್ನೊಬ್ಬರದು. ನಂದು ಅಂತ ಐತಂದ್ರ ಅದೊಂದು ತಾಟು. ಅಲ್ಲಿ ಎಲ್ಲಾರ ಮುಂದ ಅಡಿವೆಪ್ಪ ಅಂತ ಬರದದ್ದನ್ನ ಹ್ಯಾಂಗ ತಗೀಲ್ರಿ? ಇಲ್ಲಂದ್ರ ಹೆಸರು ಉಜ್ಜಿ ತಗದು ಕೊಡ್ತೀನಿ ಅಂತ ಅಂಗಡ್ಯಾಂವ ಅಂದಾನ."

ಅಜ್ಜಾರು ನಕ್ಕರು. "ಅಡಿವೆಪ್ಪ ಅನ್ನೂ ಹೆಸರು ಅಷ್ಟೇನ ಕೆಟ್ಟಿಲ್ಲಪಾ. ಕೂಡು. ಸುಲೀತಾ ಕೇಳು." ಹುಡುಗನ ಮುಂದೆ ಒಂದು ಹಿಡಿ ಕಾಯಿ ಸುರಿದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಡಿಗೆಯವನಿದ್ದ. ವಯಸ್ಸು ಚಿಕ್ಕದು, ಕೈಯಲ್ಲಿ ರುಚಿಯಿತ್ತು. ಇನ್ನೊಬ್ಬರ ಕೈಕೆಳಗೆ ಸೌಟು ತಿರುವಿದ್ದು ಸಾಕು, ಇನ್ನು ಮದುವೆಯ ಅಡಿಗೆಯನ್ನು ನಾನೇ ಹಿಡಿಯಬೇಕು ಎಂದುಕೊಂಡ. ಅದಕ್ಕೆ ದೊಡ್ಡ ಕೊಪ್ಪರಿಗೆ ಬೇಕು. ಹೊಸದನ್ನು ಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಅದೇ ಊರಿನಲ್ಲಿ ಸಕ್ರವ್ವ ಎಂಬ ಮುದುಕಿಯಿದ್ದಳು. ಒಂದು ಕಾಲಕ್ಕೆ ಸುತ್ತಲಿನ ಮದುವೆಗಳಿಗೆಲ್ಲ ಅವಳದೇ ಅಡಿಗೆ. ಈಗ ಕಣ್ಣು ಮಂಜಾಗಿ ಮನೆ ಹಿಡಿದಿದ್ದಳು. ಅವಳು ಅವನನ್ನು ಕರೆಸಿ, "ನನ್ನ ಕೊಪ್ಪರಗಿ ಮೂಲ್ಯಾಗ ಬಿದ್ದೈತಿ. ಕಲಾಯಿ ಮಾಡಿಸಿ ನೀನ ಇಟ್ಗೊ. ಮೊದಲನೇ ಅಡಿಗಿ ಉಣ್ಣಾಕ ನನ್ನ ಕರಿ, ಅಷ್ಟ ಸಾಕು" ಎಂದಳು.

ಅವನು ಕಲಾಯಿ ಮಾಡಿಸಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ತಾಮ್ರ ಹೊಸದರ ಹಾಗೆ ಹೊಳೆಯಿತು. ಆದರೆ ಕಂಠದ ಮೇಲೆ ಸಕ್ರವ್ವನ ಹೆಸರಿತ್ತು. ಅದನ್ನು ಕಂಡಾಗಲೆಲ್ಲ ಅವನ ಮುಖ ಸಣ್ಣದಾಗುತ್ತಿತ್ತು. ಅಡಿಗೆ ನನ್ನದು, ಜನ ಓದುವುದು ಮುದುಕಿಯ ಹೆಸರು, ಇದು ಯಾವ ನ್ಯಾಯ ಎಂದುಕೊಂಡ. ಕಮ್ಮಾರನ ಅರ ತಂದು ಹೆಸರು ಮಾಯವಾಗುವ ತನಕ ಉಜ್ಜಿದ. ಮೊದಲ ಅಡಿಗೆ ಗೆಲ್ಲಲಿ, ಆಮೇಲೆ ಅಲ್ಲೇ ನನ್ನ ಹೆಸರು ಹಾಕಿಸುತ್ತೇನೆ ಎಂದು ಹಾಗೆಯೇ ಬಿಟ್ಟ.

ಮೊದಲ ಮದುವೆ ಪಕ್ಕದ ಊರಿನಲ್ಲಿ. ಆ ಕೊಪ್ಪರಿಗೆಯಲ್ಲಿ ಗೋಧಿ ಹುಗ್ಗಿ ಮಾಡಿದ. ಉಂಡವರು ಬೆರಳು ಚೀಪಿದರು. ಇನ್ನೂ ಎರಡು ಮನೆಯವರು ತಮ್ಮ ಮದುವೆಗೂ ನೀನೇ ಬಾ ಎಂದು ಅಲ್ಲೇ ವೀಳ್ಯ ಕೊಟ್ಟರು. ಅವನ ಕಾಲು ನೆಲದ ಮೇಲಿರಲಿಲ್ಲ.

ಆ ಊರಿನಲ್ಲೊಂದು ಪದ್ಧತಿಯಿತ್ತು. ಮದುವೆಗೆ ಓಣಿಯ ಮನೆಮನೆಯಿಂದ ಪಾತ್ರೆ ಬರುತ್ತಿದ್ದವು. ಕಾರ್ಯ ಮುಗಿದ ಮೇಲೆ ಎಲ್ಲವನ್ನೂ ತೊಳೆದು ಗುಡಿಯ ಮುಂದೆ ಬೋರಲು ಹಾಕುವರು. ಒಬ್ಬ ಹಿರಿಯ ಒಂದೊಂದರ ಮೇಲಿನ ಹೆಸರು ಓದುವನು. ಆ ಹೆಸರಿನವರು ಎದ್ದು ಬಂದು ಒಯ್ಯುವರು. ಹೆಸರಿಲ್ಲದ ಪಾತ್ರೆ ಗುಡಿಗೆ ಸೇರಬೇಕು. ಜಗಳ ಬೇಡವೆಂದು ಹಿಂದಿನವರು ಮಾಡಿಟ್ಟ ಕಟ್ಟಳೆ ಅದು.

ಎಲ್ಲರೂ ಒಯ್ದ ಮೇಲೆ ಒಂದು ಕೊಪ್ಪರಿಗೆ ಉಳಿಯಿತು.

"ಅದು ನಂದ್ರಿ" ಎಂದ ಅಡಿಗೆಯವನು.

ಹಿರಿಯ ಕಂಠದ ಮೇಲೆ ಬೆರಳಾಡಿಸಿದ. ಅರ ಉಜ್ಜಿದ ಗುರುತು ಕಂಡಿತು. "ನಿಂದಾದ್ರ ನಿನ್ನ ಹೆಸರಿಲ್ಲ ಯಾಕ? ಯಾರ ಹೆಸರು ಅಳಸಿಯೋ ಇಲ್ಲಿ?" ಎಂದು ಕೇಳಿದ.

ಅವನು ನಾಚಿ ಹಿಂದೆ ಸರಿದ. ಹುಗ್ಗಿ ಹೊಗಳಿದ ಬಾಯಿಗಳೇ ಈಗ ಗುಸುಗುಸು ಎಂದವು. ಕದ್ದ ಪಾತ್ರೆ ಇರಬೇಕು ಎಂದು ಯಾರೋ ಅಂದರು. ವೀಳ್ಯ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಪ್ಪರಿಗೆ ಹೋದರೆ ಕೆಲಸ ಹೋಗುತ್ತಿತ್ತು. ಕಳ್ಳನೆಂಬ ಮಾತು ನಿಂತರೆ ಸುತ್ತ ಹತ್ತೂರಿನಲ್ಲಿ ಅವನಿಗೆ ಯಾರೂ ಒಲೆ ಹಚ್ಚಲು ಬಿಡುತ್ತಿರಲಿಲ್ಲ.

ಅವನ ಮೊದಲ ಅಡಿಗೆ ಉಣ್ಣಲು ಬಂದ ಸಕ್ರವ್ವ ಚಪ್ಪರದ ಮೂಲೆಯಲ್ಲಿ ಕುಳಿತಿದ್ದಳು. ಗದ್ದಲ ಕೇಳಿ ಕೋಲೂರಿ ಎದ್ದು ಬಂದಳು. ಕೊಪ್ಪರಿಗೆಯನ್ನು ಮೇಲ್ಮುಖ ಮಾಡಿಸಿದಳು. ಒಳಗೆ ಕೈಯಿಟ್ಟು ತಳ ಸವರಿದಳು. ಅಲ್ಲೊಂದು ತಗ್ಗು ಸಿಕ್ಕಿತು. ಅವಳ ಮುಖ ಅರಳಿತು. ಆಮೇಲೆ ಕೈ ಕಂಠಕ್ಕೆ ಬಂತು. ತನ್ನ ಹೆಸರಿದ್ದ ಜಾಗಕ್ಕೆ ಬಂದು ನಿಂತಿತು. ಆ ಜಾಗ ನುಣ್ಣಗಿತ್ತು. ಅಡಿಗೆಯವನು ತಲೆ ತಗ್ಗಿಸಿದ.

"ಇದರ ತಳದಾಗ ಒಂದು ತಗ್ಗೈತಿ, ಬೇಕಾದ್ರ ಮುಟ್ಟಿ ನೋಡ್ರಿ. ನನ್ನ ಸೌಟು ಬಡದು ಬಿದ್ದದ್ದದು" ಎಂದಳು ಸಕ್ರವ್ವ. "ಇದು ಮೊದಲ ನಂದಿತ್ತು, ಈಗ ಈ ಹುಡುಗಂದು. ನಾನ ಕೊಟ್ಟೀನಿ. ಹೆಸರು ಅಳಸು ಅಂತ ಹೇಳಿದಾಕೀನೂ ನಾನ."

ಹಿರಿಯ ತಳ ಮುಟ್ಟಿ ನೋಡಿ ಕೈ ಮುಗಿದ. ಮಾತು ಅಲ್ಲಿಗೆ ಮುಗಿಯಿತು. ಸಕ್ರವ್ವ ಅಡಿಗೆಯವನ ಕಡೆ ತಿರುಗಿ, "ಹುಗ್ಗಿ ಛಲೋ ಆಗಿತ್ತಪ್ಪ" ಎಂದಳು.

ಅವನು ಅವಳ ಕಾಲು ಹಿಡಿದು ಮಗುವಿನಂತೆ ಅತ್ತ. ಆ ದಿನ ಅವನ ಎದೆ ತುಂಬಿದಷ್ಟು ಮತ್ತೆಂದೂ ತುಂಬಲಿಲ್ಲ. ಮುಂದಿನ ಸಂತೆಯಲ್ಲಿ ಅದೇ ಜಾಗದಲ್ಲಿ ಸಕ್ರವ್ವನ ಹೆಸರನ್ನು ಮೊದಲಿಗಿಂತ ದೊಡ್ಡದಾಗಿ ಹಾಕಿಸಿದ. ಅದರ ಕೆಳಗೆ ತನ್ನದು. ಅವಳಿರುವ ತನಕ ಪ್ರತಿ ಅಡಿಗೆಯ ಮೊದಲ ಸೌಟು ಅವಳ ಮನೆಗೆ ಹೋಯಿತು. ಇದು ಯಾರ ಹೆಸರು ಎಂದು ಯಾರಾದರೂ ಕೇಳಿದರೆ ಅವನು ಒಲೆಯನ್ನೂ ಮರೆತು ಸಕ್ರವ್ವನ ಕತೆ ಹೇಳುತ್ತ ನಿಲ್ಲುತ್ತಿದ್ದ. ಅನ್ನ ಸೀಯುತ್ತದೆ ಎಂದು ಜನ ಅವನನ್ನು ಎಳೆದುಕೊಂಡು ಹೋಗಬೇಕಾಗುತ್ತಿತ್ತು.

ಅಜ್ಜಾರು ಕತೆ ನಿಲ್ಲಿಸಿ ಮೊರದಲ್ಲಿದ್ದ ಸಿಪ್ಪೆ ತೆಗೆದುಹಾಕಿದರು.

"ಹಂಗಾದ್ರ ಹಳೇದ ತಗೊ ಅಂತೀರೇನ್ರಿ?" ಕಲ್ಮೇಶ ಕೇಳಿದ.

"ನಾ ಎಲ್ಲಿ ಅಂದೆ? ಹೊಸಾದೂ ನಡೀತೈತಿ, ಹಳೇದೂ ನಡೀತೈತಿ. ಹಸದ ಹೊಟ್ಟೀಲೆ ಓದೂದು ಮಾತ್ರ ನಡ್ಯಾಂಗಿಲ್ಲ."

"ಆದ್ರೂ ಅಜ್ಜಾರ, ಇನ್ನೊಬ್ಬರ ಹೆಸರಿದ್ದದ್ದು ನಂದು ಹ್ಯಾಂಗ ಆಗತೈತ್ರಿ?"

ಅಜ್ಜಾರು ಗೂಡಿನ ಕಡೆ ಕೈ ತೋರಿಸಿದರು.

"ನಂದು ನಂದು ಅಂತಿಯಲ್ಲ ಆ ತಾಟು, ಅದರ ಅಂಚಿನ ಮ್ಯಾಲೆ ಯಾರ ಹೆಸರೈತಪಾ?"